ಅಪ್‌ಡೇಟ್: ನಾಯಿ ಜೊತೆ ಮಳೆಗಾಲದ ಕಳಸ, ವಾಂತಿ ಮತ್ತು ಇಂಬಳ

ಕಾರಲ್ಲಿ ವಾಂತಿ ಮಾಡುವ ನಾಯಿಯನ್ನು ಚಿಕ್ಕಮಗಳೂರು ಜಿಲ್ಲೆಯ ಕಳಸಕ್ಕೆ ಕರೆದೊಯ್ಯೋದು ಹೇಗೆ, ಇಂಬಳಕ್ಕೆ (ಮಲೆನಾಡಿನ ನೆಲದ ಜಿಗಣೆ) ಏನು ಮಾಡೋದು ಅಂತ ಕೇಳಿದ್ದೆ. ಹೋಗಿ ಬಂದ್ವಿ.

ಹೊರಡುವ 6 ಗಂಟೆ ಮೊದಲೇ ಊಟ ನಿಲ್ಲಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕೊಟ್ಟಿಗೆಹಾರ ದಾಟಿದ ಮೇಲಿನ ತಿರುವುಗಳಲ್ಲೂ ವಾಂತಿಯಿಲ್ಲ. ನೀರು ಮಾತ್ರ ಆಗಾಗ ನಿಲ್ಲಿಸಿ ಸ್ವಲ್ಪ ಸ್ವಲ್ಪ ಕೊಟ್ವಿ.

ಇಂಬಳ ಹತ್ತದಿರಲಿ ಅಂತ ಹಚ್ಚಿದ ಬೇವಿನೆಣ್ಣೆ ಉಪಯೋಗಕ್ಕೆ ಬರಲಿಲ್ಲ, ಒದ್ದೆ ಹುಲ್ಲಲ್ಲಿ ತೊಳೆದೇ ಹೋಯ್ತು. ಉಪ್ಪು ಹಾಕಿದರೆ ಗಾಯ ಉರಿಯುತ್ತೆ. ಹಳೇ ಎಟಿಎಂ ಕಾರ್ಡಿನ ಅಂಚನ್ನು ಇಂಬಳದ ಸಪೂರ ತುದಿಯ ಬಳಿ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿ, ಬಿಡುತ್ತೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಹಾಗಾಗಿ ಆಮೇಲೂ ಸೋರುತ್ತೆ. ಹತ್ತಿ ಒತ್ತಿಹಿಡಿಯಿರಿ. ಬೆರಳ ಸಂದು, ಕಿವಿಯ ಒಳಮಡಿಕೆ ತಪ್ಪದೆ ನೋಡಿ.

ಹೊಸದಾಗಿ ಗೊತ್ತಾಗಿದ್ದು: ಹಳ್ಳದ ನೀರು ಕುಡಿಯುವಾಗ ಜಿಗಣೆ ಮೂಗಿನೊಳಗೂ ಸೇರಬಹುದು. ಸೀನುತ್ತಾ ಒಂದೇ ಹೊಳ್ಳೆಯಿಂದ ರಕ್ತ ಬಂದರೆ ಪಶುವೈದ್ಯರ ಹತ್ತಿರ ಹೋಗಿ, ನೀವೇ ಎಳೆಯಬೇಡಿ.