ಫ್ಲೈಯಿಂಗ್ ಬೋಟ್‌ಗೆ ‘ಜಲವಿಮಾನ’ ಎನ್ನಬಹುದೇ?

ಮಾನ್ಯರೇ,

ಆಸ್ಟ್ರೇಲಿಯಾದ ಪರ್ತ್ ನಗರದ ನೆಡ್‌ಲ್ಯಾಂಡ್ಸ್‌ನಲ್ಲಿ, ಸ್ವಾನ್ ನದಿಯ ದಂಡೆಯ ಮೇಲಿರುವ ಯುದ್ಧಕಾಲದ ವಿಮಾನಸೇವೆಯ ಸ್ಮಾರಕವನ್ನು ಕುರಿತು ಕಿರುಲೇಖನವೊಂದನ್ನು ಬರೆಯುತ್ತಿದ್ದೇನೆ. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಗಿ ಬ್ರಿಟನ್ನಿನೊಂದಿಗಿನ ವಾಯುಸಂಪರ್ಕ ಕಡಿದುಹೋದ ಮೇಲೆ, ಆಸ್ಟ್ರೇಲಿಯಾದ ವಿಮಾನಯಾನ ಸಂಸ್ಥೆಯಾದ ಕ್ವಾಂಟಾಸ್ 1943ರಿಂದ 1945ರವರೆಗೆ ಇಲ್ಲಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ, ನಡುವೆ ಎಲ್ಲಿಯೂ ಇಳಿಯದೆ, ಕ್ಯಾಟಲೀನಾ ಎಂಬ ಫ್ಲೈಯಿಂಗ್ ಬೋಟ್‌ಗಳನ್ನು ಹಾರಿಸುತ್ತಿತ್ತು. ಈ ಕ್ಯಾಟಲೀನಾವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಪತ್ರಿಕೆಗಳಲ್ಲಿ ರೂಢಿಯಲ್ಲಿರುವ ‘ಜಲವಿಮಾನ’ವು ನೀರಿನ ಮೇಲೆ ಇಳಿಯುವ ಎಲ್ಲ ವಿಮಾನಗಳಿಗೂ ಸಲ್ಲುತ್ತದೆ. ಸಾಮಾನ್ಯ ವಿಮಾನಕ್ಕೆ ಚಕ್ರಗಳ ಬದಲು ತೇಲುಗಗಳನ್ನು (ಫ್ಲೋಟ್) ಜೋಡಿಸಿದರೂ ಅದು ಜಲವಿಮಾನವೇ. ಆದರೆ ಕ್ಯಾಟಲೀನಾದ ಒಡಲೇ ದೋಣಿಯಾಗಿ ನೀರಿನ ಮೇಲೆ ಕೂರುತ್ತದೆ. ರೆಕ್ಕೆಯ ತುದಿಯ ತೇಲುಗಗಳು ಅದು ವಾಲದಂತೆ ತಡೆಯುವುದಕ್ಕಷ್ಟೇ. ‘ಹಾರುವ ದೋಣಿ’ ಎಂದರೆ ಜಾನಪದ ಕಥೆಯ ವಸ್ತುವೆಂಬ ಭಾವನೆ ಬರುತ್ತದೆ. ಹೀಗಾಗಿ ನಾನು ಸದ್ಯಕ್ಕೆ ‘ದೋಣಿವಿಮಾನ’ ಎಂದು ಬಳಸಿದ್ದೇನೆ.

ಎರಡನೆಯ ತೊಡಕು ಈ ಹಾರಾಟಗಳಿಗಿದ್ದ ‘ಡಬಲ್ ಸನ್‌ರೈಸ್’ ಎಂಬ ಹೆಸರಿನದು. ಹಾರಾಟವು ಸುಮಾರು 27ರಿಂದ 33 ಗಂಟೆಗಳವರೆಗೆ ನಡೆಯುತ್ತಿದ್ದುದರಿಂದ ವಿಮಾನದಲ್ಲಿದ್ದವರು ಎರಡು ಬಾರಿ ಸೂರ್ಯೋದಯವನ್ನು ಕಾಣುತ್ತಿದ್ದರು. ಒಮ್ಮೆಗೆ ಹೆಚ್ಚೆಂದರೆ ಮೂವರಷ್ಟೇ ಇರುತ್ತಿದ್ದ ಪ್ರಯಾಣಿಕರಿಗೆ ಆ ಹೆಸರಿನ ‘ರಹಸ್ಯ ಸಂಘ’ದ ಪ್ರಮಾಣಪತ್ರವೂ ದೊರೆಯುತ್ತಿತ್ತು. ‘ಇಮ್ಮಡಿ ಸೂರ್ಯೋದಯ’ವೆಂದರೆ ಅಳತೆ ಹೆಚ್ಚಿದಂತೆ, ‘ಜೋಡಿ ಸೂರ್ಯೋದಯ’ವೆಂದರೆ ಎರಡು ಸೂರ್ಯರು ಒಟ್ಟಿಗೆ ಮೂಡಿದಂತೆ ತೋರುವುದರಿಂದ, ‘ಎರಡು ಸೂರ್ಯೋದಯಗಳ ಹಾರಾಟ’ ಎಂಬುದೇ ನನಗೆ ಒಪ್ಪಿಗೆಯಾಗಿದೆ.

ಈ ಸೇವೆಯ ಐದು ವಿಮಾನಗಳಿಗೆ ಇಟ್ಟಿದ್ದ ನಕ್ಷತ್ರಗಳ ಹೆಸರುಗಳಾದ ಆಲ್ಟೇರ್, ವೇಗಾ, ರೈಜೆಲ್, ಆಂಟಾರೆಸ್ ಮತ್ತು ಸ್ಪೈಕಾಗಳನ್ನು ಮಾತ್ರ ಅನುವಾದಿಸಿಲ್ಲ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಬಳಸದೆ, ನಕ್ಷತ್ರಗಳನ್ನು ನೋಡಿಯೇ ದಾರಿ ಕಂಡುಕೊಳ್ಳಬೇಕಿದ್ದ ವಿಮಾನಗಳಿಗೆ ಇವು ತಕ್ಕ ಹೆಸರುಗಳೇ. ಇವುಗಳಲ್ಲಿ ರೈಜೆಲ್ ಬಿಟ್ಟು ಉಳಿದ ನಾಲ್ಕು ಕ್ರಮವಾಗಿ ನಮ್ಮ ಪಂಚಾಂಗದ ಶ್ರವಣ, ಅಭಿಜಿತ್, ಜ್ಯೇಷ್ಠಾ ಮತ್ತು ಚಿತ್ತಾ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸುವ ಆಸೆಯಂತೂ ಇದೆ.

ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೂ ಕ್ಯಾಟಲೀನಾಗಳ ದುರಸ್ತಿ ನಡೆಯುತ್ತಿತ್ತು. ಅವು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಕಾರ್ಖಾನೆಯ ಕನ್ನಡಿಗ ಕೆಲಸಗಾರರಾಗಲಿ ಕೆರೆಯ ಸುತ್ತಲಿನ ಹಳ್ಳಿಗರಾಗಲಿ ಅವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂದು ತಮ್ಮ ಮನೆಯ ಹಿರಿಯರಿಂದ ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು. ಅಂತಹ ಮಾತೊಂದು ಸಿಕ್ಕರೆ ‘ದೋಣಿವಿಮಾನ’ವನ್ನು ಕೈಬಿಡಲು ಸಿದ್ಧನಿದ್ದೇನೆ.