ಪಿಐಸಿಯುನಲ್ಲಿ (ಮಕ್ಕಳ ಐಸಿಯು) ಮಗು, ರಿಸರ್ಚ್‌ಗೆ ಸಹಿ ಕೇಳ್ತಿದಾರೆ, ಯಾರಿಗಾದ್ರೂ ಅನುಭವ ಇದ್ಯಾ?

ನನ್ ಮಗಳಿಗೆ 14 ತಿಂಗಳು. ನ್ಯುಮೋನಿಯಾ ಜಾಸ್ತಿಯಾಗಿ ಮೊನ್ನೆ ರಾತ್ರಿಯಿಂದ ಬೆಂಗಳೂರಲ್ಲಿ ಪಿಐಸಿಯುನಲ್ಲಿದಾಳೆ, ವೆಂಟಿಲೇಟರ್ ಹಾಕಿದಾರೆ. ಇವತ್ತು ಬೆಳಿಗ್ಗೆ ಒಬ್ರು ಡಾಕ್ಟರ್ ಬಂದು ಒಂದು ಸ್ಟಡಿ ನಡೀತಿದೆ, ಮಗೂನ ಸೇರಿಸ್ಬಹುದಾ ಅಂತ ಏಳು ಪುಟದ ಫಾರಂ ಕೊಟ್ಟು ಹೋದ್ರು. ನಂಗೆ ಅರ್ಥ ಆಗಿದ್ದಿಷ್ಟು, ಕೆಲವು ಮಕ್ಕಳಿಗೆ ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, 94ರ ಮೇಲೇ ಇರೋ ಹಾಗೆ ನೋಡ್ಕೋತಾರಂತೆ, ಕೆಲವರಿಗೆ 88ರಿಂದ 92 ಇದ್ರೆ ಸಾಕು ಅಂತ ಬಿಡ್ತಾರಂತೆ, ಯಾರಿಗೆ ಯಾವ್ದು ಅಂತ ಕಂಪ್ಯೂಟರ್ ಆರಿಸತ್ತಂತೆ. ಕೋವಿಡ್ ಟೈಮಲ್ಲಿ 94ಕ್ಕಿಂತ ಕೆಳಗೆ ಬಂದ್ರೆ ಆಸ್ಪತ್ರೆಗೆ ಓಡಿ ಅಂತ ಎಲ್ರೂ ಹೇಳ್ತಿದ್ರು, ಈಗ 88 ಸಾಕು ಅಂದ್ರೆ ಹೇಗೆ? ನಮ್ಮತ್ತೆ ಮಗೂನ ಪ್ರಯೋಗಕ್ಕೆ ಕೊಡ್ಬೇಡ್ವೇ ಅಂತ ಅಳ್ತಿದಾರೆ. ನಮ್ ಯಜಮಾನ್ರು ದುಬೈಲಿದಾರೆ, ನೀನೇ ನೋಡು ಅಂತಾರೆ. ಸಂಜೆ ಒಳಗೆ ಹೇಳ್ಬೇಕು. ಬೇಡ ಅಂದ್ರೆ ಡಾಕ್ಟರ್‌ಗೆ ಬೇಜಾರಾಗಿ ಮಗೂನ ಸರಿಯಾಗಿ ನೋಡ್ದೆ ಹೋದ್ರೆ ಅನ್ನೋ ಭಯ ಬೇರೆ.

*

ದಾವಣಗೆರೆ ಅಮ್ಮ:

ಅಕ್ಕ, ಮೊದ್ಲು ಏನಾದ್ರೂ ತಿಂದಿದೀರಾ? ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದು ಬನ್ನಿ, ಫಾರಂ ಎಲ್ಲೂ ಓಡಿ ಹೋಗಲ್ಲ. ನಾನು ಆ ಬಾಗಿಲ ಮುಂದೆ ಒಂಬತ್ತು ದಿನ ಕೂತಿದ್ದೆ, ಮಗನಿಗೆ ಆಗ ಎಂಟು ತಿಂಗಳು, ರಕ್ತಕ್ಕೆ ನಂಜು ಏರಿತ್ತು. ನಮ್ಮನ್ನೂ ಕೇಳಿದ್ರು, ಡ್ರಿಪ್ ಎಷ್ಟು ಬೇಗ ಕೊಡ್ಬೇಕು ಅನ್ನೋದ್ರ ಬಗ್ಗೆ ಸ್ಟಡಿ. ಹೂಂ ಅಂದೆ. ನಿಜ ಹೇಳ್ಬೇಕಂದ್ರೆ ಹೊಸ ಟ್ರೀಟ್ಮೆಂಟ್ ಅಂದ್ರೆ ಒಳ್ಳೇದೇ ಇರತ್ತೆ, ನಮಗೇ ಸಿಗ್ಲಿ ಅನ್ನೋ ಆಸೆಗೆ ಹೂಂ ಅಂದಿದ್ದು. ಮುಚ್ಚಿದ ಕವರ್ ಒಡೆದ್ರೆ ಮಾಮೂಲಿ ಗುಂಪು ಬಂತು, ಲಾಟ್ರಿ ಸೋತೋರ ಹಾಗೆ ಅತ್ತುಬಿಟ್ಟೆ. ಅಲ್ಲಿದ್ದ ಮೇಡಂ ಒಬ್ರು ಪಕ್ಕದಲ್ಲಿ ಕೂತ್ಕೊಂಡು, ಅಮ್ಮ, ಯಾವ್ದು ಒಳ್ಳೇದು ಅಂತ ನಮಗೆ ಮೊದ್ಲೇ ಗೊತ್ತಿದ್ರೆ ಚೀಟಿ ಯಾಕೆ ಎತ್ತಿಸ್ತಿದ್ವಿ ಅಂದ್ರು. ಆ ಮಾತು ನನ್ ತಲೇಲಿ ಕೂತ್ಕೊಂಡ್ತು. ಮಗ ಈಗ ಅಂಗನವಾಡಿಗೆ ಹೋಗ್ತಾನೆ. ಅದು ಸ್ಟಡಿಯಿಂದ ಅಂತ ಹೇಳಲ್ಲ ನಾನು, ಚೆನ್ನಾಗಿ ನೋಡ್ಕೊಂಡ್ರು ಅಷ್ಟೇ. ಆಮೇಲೆ ಆರು ತಿಂಗಳಿಗೊಂದ್ಸಲ ಫೋನ್ ಮಾಡಿ ಕೂರ್ತಾನಾ ನಡೀತಾನಾ ಅಂತ ವಿಚಾರಿಸ್ತಿದ್ರು. ಇನ್ನೊಂದು, ಎದೆಹಾಲು ಕೊಡ್ತಿದ್ರೆ ಹಿಂಡಿ ತೆಗೀತಾ ಇರಿ, ಇಲ್ಲಾಂದ್ರೆ ಹಾಲು ನಿಂತೋಗತ್ತೆ, ಆ ಗಲಾಟೇಲಿ ಯಾರೂ ನೆನಪಿಸಲ್ಲ.

*

ಹುಬ್ಬಳ್ಳಿ ಕಡೆಯಂವ:

ಅಕ್ಕಾರ, ನಾವು ಒಲ್ಲೆ ಅಂದ್ವಿ ನೋಡ್ರಿ. ಹುಡುಗಗ ಡೆಂಗ್ಯೂ ಆಗಿ ಬಿಪಿ ಬಿದ್ದಿತ್ತು, ರಾತ್ರಿ ಎರಡಕ್ಕ ಐಸಿಯು ಬಾಗಲದಾಗ ನಿಂತಿದ್ದೆ, ಒಬ್ರು ಸಣ್ಣ ವಯಸ್ಸಿನ ಡಾಕ್ಟ್ರು ಬಂದು ರಕ್ತ ಏರ್ಸಾಕ ಸಹಿ, ನಳಿಗಿ ಹಾಕಾಕ ಸಹಿ ಅಂತ ಒಂದರ ಮ್ಯಾಲೊಂದು ಹಾಳಿ ಇಟ್ರು. ನಾಲ್ಕನೇದ್ದು ಏನ್ರೀ ಅಂತ ಕೇಳಿದ್ಮ್ಯಾಲೆ, ಅದೊಂದು ಸ್ಟಡಿ ಅದ ಅಂದ್ರು. ನಾ ಕೇಳ್ಲಿಲ್ಲಂದ್ರ ಹಂಗ ಹೋಗಿಬಿಡ್ತಿತ್ತು. ಸಿಟ್ಟು ಬಂತು, ಬ್ಯಾಡ ಅಂದೆ. ಚಿಕಿತ್ಸೆದಾಗ ಏನೂ ಫರಕ್ ಮಾಡಲಿಲ್ಲರಿ, ಅದನ್ನ ಸುಳ್ಳು ಹೇಳಬಾರದು, ಅದೇ ಡಾಕ್ಟ್ರೇ ಬೆಳಗಾಗೂತನಾ ಹುಡುಗನ ಮಗ್ಗಲದಾಗ ನಿಂತಿದ್ರು. ನಿಮ್ಮ ಡಾಕ್ಟ್ರು ಬೆಳಕಿನ್ಯಾಗ ಬಂದು ಹಾಳಿ ಕೊಟ್ಟು ಸಂಜಿತನಾ ಟೈಮ್ ಕೊಟ್ಟಾರಂದ್ರ ನಮಗಿಂತ ಚಲೋನ ಆತು. ಮನಸಿಗೆ ಬರ್ಲಿಲ್ಲಂದ್ರ ಒಲ್ಲೆ ಅನ್ರಿ, ಅಂಜಬ್ಯಾಡ್ರಿ.

*

ಪುತ್ತೂರಿನ ಸಿಸ್ಟರ್:

ಪಿಐಸಿಯುನಲ್ಲಿ ಹನ್ನೊಂದು ವರ್ಷ ಆಯ್ತು ನಂಗೆ. ಮೇಲೆ ಅಣ್ಣ ಹೇಳಿದ ಹಾಗೆ ರಾತ್ರಿ ಎರಡಕ್ಕೆ ಬೇರೆ ಫಾರಂ ಜೊತೆ ಸೇರಿಸಿ ಸಹಿ ತಗೊಳ್ಳುವುದು ಉಂಟಲ್ಲ, ಅದು ತಪ್ಪು, ಡಾಕ್ಟರ್ ಎಷ್ಟು ಒಳ್ಳೆಯವರಾದ್ರೂ ತಪ್ಪೇ. ನೀವು ಹೀಗೆ ಮಾಡಿ ಮೇಡಂ. ಇಂಗ್ಲಿಷ್ ಫಾರಂ ಕೊಟ್ಟಿದ್ರೆ ಕನ್ನಡದ್ದು ಕೇಳಿ, ಇಟ್ಟಿರ್ಲೇಬೇಕು ಅವ್ರು. ಅದ್ರಲ್ಲಿ ಎಥಿಕ್ಸ್ ಕಮಿಟಿಯವರ, ಅಂದ್ರೆ ಸ್ಟಡಿ ನ್ಯಾಯವಾಗಿ ನಡೀತದಾ ಅಂತ ನೋಡುವವರ, ಫೋನ್ ನಂಬರ್ ಉಂಟಾ ನೋಡಿ, ಡಾಕ್ಟರ್ ಹತ್ರ ಕೇಳ್ಲಿಕ್ಕೆ ಆಗದ್ದನ್ನು ಅಲ್ಲಿ ಕೇಳ್ಬಹುದು. ಸಿಟಿಆರ್‌ಐ ನಂಬರ್ ಅಂತ ಇರ್ತದೆ, ನಮ್ಮ ದೇಶದ ಸ್ಟಡಿಗಳನ್ನು ನೋಂದಾಯಿಸುವ ಪಟ್ಟಿಯ ನಂಬರ್, ಅದನ್ನು ಹಾಕಿ ನೆಟ್ಟಲ್ಲಿ ಹುಡುಕಿದ್ರೆ ಯಾರು ಮಾಡ್ತಿರುವುದು, ಎಷ್ಟು ಮಕ್ಕಳು, ದುಡ್ಡು ಯಾರದ್ದು ಎಲ್ಲ ಸಿಗ್ತದೆ. ಸ್ಟಡಿಯಿಂದಲೇ ಮಗುವಿಗೆ ಏನಾದ್ರೂ ಆದ್ರೆ ಖರ್ಚು ಯಾರು ನೋಡುವುದು ಅಂತ ಬರ್ದಿರ್ಬೇಕು. ಸಹಿ ಹಾಕಿದ್ರೆ ಒಂದು ಕಾಪಿ ನಿಮ್ಮ ಕೈಗೆ ಬರ್ಬೇಕು. ಮತ್ತೆ ನಾಳೆ ಮನಸ್ಸು ಬದಲಾದ್ರೆ ಸಾಕು, ಬಿಡಿ ಅಂತ ಹೇಳಿದ್ರೆ ಆಯ್ತು, ಕಾರಣ ಕೊಡ್ಬೇಕಂತ ಇಲ್ಲ.

ಮಾನಿಟರ್ ನೋಡ್ತಾ ಕೂರ್ಬೇಡಿ ಮಾರಾಯ್ರೆ. ಮಗು ಕಾಲು ಅಲ್ಲಾಡಿಸಿದ್ರೂ ಬೆರಳಿನ ಪ್ರೋಬ್ ಸರಿದು 80 ತೋರಿಸ್ತದೆ. ನಾವು ನಂಬರ್ ನೋಡುವ ಮೊದ್ಲು ಮಗುವಿನ ತುಟಿ ನೋಡುವುದು.

*

ಇನ್ನೊಬ್ರು:

ಇಂಥ ಪ್ರಯೋಗಕ್ಕೆಲ್ಲ ನಮ್ ಬಡ ದೇಶದ ಮಕ್ಕಳೇ ಯಾಕೆ ಬೇಕು? ಫಾರಿನ್ನೋರು ಅವ್ರ ಮಕ್ಕಳ ಮೇಲೆ ಮಾಡ್ಕೊಳ್ಳಲಿ. ಸಹಿ ಹಾಕ್ಬೇಡಿ.

*

ಮಕ್ಕಳ ಡಾಕ್ಟರ್, ಮೈಸೂರು:

ಪಿಜಿ ಮಾಡೋವಾಗ ನಾನೂ ಇಂಥ ಫಾರಂ ಹಿಡ್ಕೊಂಡು ಅಪ್ಪ ಅಮ್ಮಂದಿರ ಮುಂದೆ ನಿಂತಿದೀನಿ, ಮುಖ ನೋಡೋಕಾಗ್ತಿರ್ಲಿಲ್ಲ. ಮೇಲಿನವರಿಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಈ 88-92 ಸ್ಟಡೀನ ಫಾರಿನ್ನೋರು ಅವ್ರ ಮಕ್ಕಳ ಮೇಲೇ ಮಾಡಿದಾರೆ. ಇಂಗ್ಲೆಂಡ್ ಕಡೆ 15 ಪಿಐಸಿಯುಗಳಲ್ಲಿ, ವೆಂಟಿಲೇಟರ್ ಮೇಲಿದ್ದ 2040 ಮಕ್ಕಳು, ಆಕ್ಸಿ-ಪಿಐಸಿಯು ಅಂತ ಹೆಸರು, 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಒಂದು ಗುಂಪಿಗೆ 88ರಿಂದ 92, ಇನ್ನೊಂದಕ್ಕೆ 94ರ ಮೇಲೆ. ಕಮ್ಮಿ ಆಕ್ಸಿಜನ್ ಗುಂಪಿನ ಮಕ್ಕಳು ಕೂದಲೆಳೆಯಷ್ಟು ಮೇಲು ಅಂತ ಬಂತು, ಅಂದ್ರೆ ಮಷೀನ್ ಸಪೋರ್ಟ್ ದಿನಗಳು, ಸಾವು ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ. ದೊಡ್ಡ ವ್ಯತ್ಯಾಸ ಏನಲ್ಲ. ಅಲ್ಲಿ ಮೊದ್ಲು ಕೇಳ್ಲೂ ಇಲ್ಲ, ಎಮರ್ಜೆನ್ಸೀಲಿ ಟೈಮ್ ಇಲ್ಲ ಅಂತ ಮಗೂನ ಸೇರಿಸ್ಕೊಂಡು ಆಮೇಲೆ ಅಪ್ಪ ಅಮ್ಮನ ಒಪ್ಪಿಗೆ ತಗೊಂಡ್ರು. ನಿಮ್ಮನ್ನ ಮೊದ್ಲೇ ಕೇಳ್ತಿದಾರೆ.

ಕೋವಿಡ್ 94ರ ಮಾತಿಗೆ ಬರೋಣ. ಮನೇಲಿ ಬರೀ ಗಾಳಿ ಉಸಿರಾಡ್ತಿರೋರಿಗೆ 94ಕ್ಕಿಂತ ಕೆಳಗಿಳಿದ್ರೆ ಶ್ವಾಸಕೋಶ ಕೆಡ್ತಿದೆ, ಬನ್ನಿ ಅಂತ ಸೂಚನೆ ಅದು. ನಿಮ್ ಮಗು ಈಗಾಗ್ಲೇ ಬಂದಾಗಿದೆ, ಕಣ್ಣ ಮುಂದೇ ಇದೆ. ಇಲ್ಲಿ 91 ಇರೋದನ್ನ 96 ಮಾಡ್ಬೇಕು ಅಂದ್ರೆ ಆಕ್ಸಿಜನ್ ಪರ್ಸೆಂಟೇಜ್ ಏರಿಸ್ಬೇಕು, ಕೆಲವು ಸಲ ವೆಂಟಿಲೇಟರ್ ಪ್ರೆಷರನ್ನೂ ಏರಿಸ್ಬೇಕು, ಅದೆರಡೂ ಆ ಎಳೇ ಶ್ವಾಸಕೋಶಕ್ಕೆ ಪೆಟ್ಟೇ. ಆ ಪೆಟ್ಟಾ, ಆಕ್ಸಿಜನ್ ಸ್ವಲ್ಪ ಕಮ್ಮಿ ಇರೋದಾ, ಯಾವ್ದು ಸಣ್ಣದು ಅನ್ನೋದೇ ಪ್ರಶ್ನೆ.

ನಾವು ಡಾಕ್ಟರ್‌ಗಳು ಇದು ಒಳ್ಳೇದೇ ಬಿಡು ಅಂದ್ಕೊಂಡು ಮಾಡ್ತಿದ್ದ ಎಷ್ಟೋ ಕೆಲಸ ಆಮೇಲೆ ಕೈ ಕೊಟ್ಟಿದೆ. ನಂಜಾಗಿ ರಕ್ತ ಸಂಚಾರ ಕುಸಿದ ಮಗೂಗೆ ಬೇಗ ಬೇಗ ಡ್ರಿಪ್ ಓಡಿಸಿ ಅಂತ ನಮಗೆಲ್ಲ ಹೇಳ್ಕೊಟ್ಟಿದ್ರು. ಕೀನ್ಯಾ, ಉಗಾಂಡಾ, ತಾಂಜಾನಿಯಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಅದನ್ನ ಪರೀಕ್ಷೆ ಮಾಡಿದ್ರು, ಫೀಸ್ಟ್ ಅಂತ, 2011. ಹಾಗೆ ಓಡಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತೂವರೆ ಮಕ್ಕಳು ಹೋದ್ರು, ಓಡಿಸದೇ ಇದ್ದವರಲ್ಲಿ ಏಳು ಚಿಲ್ಲರೆ. ಯಾರೂ ಊಹಿಸಿರ್ಲಿಲ್ಲ. ಅಲ್ಲಿ ವೆಂಟಿಲೇಟರ್ ಇರ್ಲಿಲ್ಲ, ಮಲೇರಿಯಾ, ರಕ್ತಹೀನತೆ ಇದ್ದ ಮಕ್ಕಳೇ ಜಾಸ್ತಿ, ಅದನ್ನ ಇಲ್ಲಿಗೆ ಹಾಗೇ ಅನ್ವಯಿಸೋಕಾಗಲ್ಲ ಅನ್ನೋ ಜಗಳ ಇನ್ನೂ ಇದೆ, ಆದ್ರೆ ಅದಾದ್ಮೇಲೆ ನಮ್ ಕೈ ಸ್ವಲ್ಪ ತಡೆದು ತಡೆದು ಡ್ರಿಪ್ ಹಾಕೋದು ಕಲೀತು.

ನಮ್ಮಲ್ಲೇ ಯಾಕೆ ಮಾಡ್ಬೇಕು ಅನ್ನೋದಕ್ಕೆ ಇನ್ನೊಂದು ಕಥೆ. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಏಟಾದ ಕೂಸಿನ ಮೈನ ಮೂರು ದಿನ ತಂಪು ಮಾಡಿಟ್ರೆ ಶ್ರೀಮಂತ ದೇಶಗಳಲ್ಲಿ ಸಾವು ಕಮ್ಮಿ ಆಗತ್ತೆ, ಅದು ಸಾಬೀತಾಗಿರೋದು. ಅದನ್ನೇ ಬೆಂಗಳೂರೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶದಲ್ಲಿ 408 ಕೂಸುಗಳ ಮೇಲೆ ನೋಡಿದ್ರೆ, 2021ರಲ್ಲಿ ಬಂದ ಹೀಲಿಕ್ಸ್ ಸ್ಟಡಿ ಅದು, ತಂಪು ಮಾಡಿದವರಲ್ಲಿ ನೂರಕ್ಕೆ 42 ಹೋದ್ವು, ಮಾಡದವರಲ್ಲಿ 31. ಇಲ್ಲಿ ಸ್ಟಡಿ ಮಾಡದೆ ಅವ್ರ ಪುಸ್ತಕ ನೋಡ್ಕೊಂಡು ತಂಪು ಮಾಡ್ತಾನೇ ಇದ್ದಿದ್ರೆ?

ಹೂಂ ಅನ್ನಿ ಅಂತ ನಾನು ಹೇಳ್ತಿಲ್ಲ ತಂಗಿ. ಒಂದು ವಿಷಯ ಮಾತ್ರ ತಪ್ಪದೆ ಡಾಕ್ಟರ್‌ಗೆ ತಿಳಿಸಿ. ಮಗೂಗೆ ಹುಟ್ಟಿನಿಂದ ಹೃದಯದ ತೊಂದರೆ ಏನಾದ್ರೂ ಇದ್ಯಾ? ಇಂಗ್ಲೆಂಡಿನೋರು ಅಂಥ ಮಕ್ಕಳನ್ನ ಹೊರಗಿಟ್ಟಿದ್ರು, ಮಿದುಳಿಗೆ ಪೆಟ್ಟಾಗಿ ಬಂದೋರನ್ನೂ ಅಷ್ಟೇ.

*

ಪ್ರಶ್ನೆ ಕೇಳಿದ್ದು ನಾನೇ:

ಎಲ್ರಿಗೂ ಏನ್ ಹೇಳ್ಲಿ, ಕೂತು ಎರಡೆರಡು ಸಲ ಓದ್ದೆ, ಅತ್ತೆಗೂ ಓದಿ ಹೇಳ್ದೆ. ಡಾಕ್ಟರ್ ಸರ್, ನೀವು ಹೃದಯ ಅಂದಾಗ ನಂಗೆ ಧಸಕ್ ಅಂತು. ಹುಟ್ಟಿದಾಗ ಸಣ್ಣ ತೂತಿದೆ, ತಾನಾಗೇ ಮುಚ್ಕೊಳತ್ತೆ ಅಂದಿದ್ರು, ಆಮೇಲೆ ನಾವು ತೋರಿಸ್ಲೇ ಇಲ್ಲ. ಅಡ್ಮಿಷನ್ ದಿನ ಆ ಗಾಬ್ರೀಲಿ ಯಾರಿಗೂ ಹೇಳಿರ್ಲಿಲ್ಲ. ಈಗ ಹೋಗಿ ಹೇಳಿದ್ದಕ್ಕೆ ಆ ಫಾರಂ ಡಾಕ್ಟರ್ ಅರ್ಧ ನಿಮಿಷ ಸುಮ್ನಿದ್ದು, ಒಳ್ಳೇದಾಯ್ತು ಹೇಳಿದ್ದು ಅಂತ ಫಾರಂ ವಾಪಸ್ ತಗೊಂಡ್ರು. ನಾಳೆ ಬೆಳಿಗ್ಗೆ ಎಕೋ (ಹೃದಯದ ಸ್ಕ್ಯಾನ್) ಮಾಡ್ತಾರಂತೆ, ಆಮೇಲೆ ನೋಡೋಣ ಅಂದ್ರು. ಬೈತಾರೇನೋ ಅಂದ್ಕೊಂಡಿದ್ದೆ, ಬೈಲಿಲ್ಲ.

ದಾವಣಗೆರೆ ಅಕ್ಕ, ಇಡ್ಲಿ ತಿಂದೆ. ಮೂಗಿನ ಟ್ಯೂಬಲ್ಲಿ ನನ್ ಹಾಲೇ ಹಾಕ್ತೀವಿ, ತೆಗೆದು ಕೊಡಿ ಅಂತ ಸಿಸ್ಟರ್ ಹೇಳಿದಾರೆ. ಕೈಯಲ್ಲಿ ಹಿಂಡಿದ್ರೆ ಮೂವತ್ತು ಎಂಎಲ್ ದಾಟ್ತಿಲ್ಲ. ಪಂಪ್ ತಗೊಂಡ್ರೆ ಕೈಯಲ್ಲಿ ಒತ್ತೋದಾ, ಕರೆಂಟಿಂದಾ?