ನಮ್ಮ ಮಾವ ಕೆಲ್ಟ್ ಅಲ್ವಂತೆ, ನಿಜಾನಾ?

ಪ್ರಶ್ನೆ: ಸರ್, ನಾನು ಮೈಸೂರಿನವಳು, ಈಗ ಕಾರ್ಡಿಫ್‌ನಲ್ಲಿದ್ದೇನೆ. ನಮ್ಮ ಮಾವ ವೇಲ್ಸ್‌ನ ಪೆಂಬ್ರೋಕ್‌ಷೈರ್‌ನವರು. ‘ನಾವು ಅಪ್ಪಟ ಕೆಲ್ಟರು’ ಅಂತ ಅವರಿಗೆ ಬಹಳ ಹೆಮ್ಮೆ. ಕೆಲ್ಟರು ಅಂದರೆ ಇಂಗ್ಲಿಷರಿಗಿಂತ ಮೊದಲೇ ಬ್ರಿಟನ್ನಿನಲ್ಲಿದ್ದ ಜನ. ಹುಟ್ಟುಹಬ್ಬಕ್ಕೆ ಡಿಎನ್‌ಎ ಟೆಸ್ಟ್ ಕಿಟ್ ಕೊಡಿಸಿದೆವು. ತಂದೆ ಕಡೆಯ ವೈ ಕ್ರೋಮೋಸೋಮ್ ಗುಂಪು ಆರ್-ಯು106 ಅಂತ ಬಂತು. ಗೂಗಲ್ ಮಾಡಿದರೆ ಎಲ್ಲ ಕಡೆ ‘ಜರ್ಮನಿಕ್’, ಅಂದರೆ ಇಂಗ್ಲಿಷ್, ಜರ್ಮನ್, ಡಚ್ ಭಾಷೆಗಳ ಬಳಗದವರದ್ದು, ಅಂತಿದೆ. ಎರಡು ದಿನದಿಂದ ಮಾವನ ಮುಖ ಸಪ್ಪಗಿದೆ. ಏನು ಹೇಳಲಿ?

ಉತ್ತರ: ಮೊದಲು ಮಾವನಿಗೆ ಒಂದು ಟೀ ಕೊಡಿ ಮೇಡಂ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಹತ್ತು ತಲೆಮಾರು ಹಿಂದೆ ಹೋದರೆ ವಂಶವೃಕ್ಷದಲ್ಲಿ 1024 ಹಿರಿಯರು. ಈ ಟೆಸ್ಟ್ ನೋಡಿದ್ದು ಒಬ್ಬನನ್ನು. ಉಳಿದ 1023ರ ಬಗ್ಗೆ ತುಟಿ ಬಿಚ್ಚಿಲ್ಲ.

ಇನ್ನು ಆ ಹಣೆಪಟ್ಟಿ. ಈಗಿನ ಚೆಕ್ ದೇಶದ ಬೊಹೀಮಿಯಾದಲ್ಲಿ ಸುಮಾರು ಕ್ರಿ.ಪೂ. 2900ರ ಮೂಳೆಯಲ್ಲೇ ಯು106 ಸಿಕ್ಕಿದೆ. ಜರ್ಮನಿಕ್ ಭಾಷೆ ಬೇರೆಯಾಗಿ ರೂಪ ತಳೆದದ್ದು ಅದಕ್ಕಿಂತ ಎಷ್ಟೋ ಶತಮಾನ ಆಮೇಲೆ. ಇವತ್ತು ನೆದರ್ಲೆಂಡ್ಸ್, ಉತ್ತರ ಜರ್ಮನಿ ಕಡೆ ಜಾಸ್ತಿ ಕಾಣುತ್ತದೆ ಅಂತ ಆ ಹೆಸರು ಅಂಟಿಕೊಂಡಿತು, ಅಷ್ಟೇ.

ಅಂದ ಹಾಗೆ, ಪೆಂಬ್ರೋಕ್‌ಷೈರ್‌ನ ಉತ್ತರವೋ ದಕ್ಷಿಣವೋ?

ಪ್ರಶ್ನೆ ಕೇಳಿದವರು: ದಕ್ಷಿಣ, ಟೆನ್ಬಿ ಹತ್ತಿರ. ಯಾಕೆ ಸರ್?

ಉತ್ತರ: ಅಲ್ಲೇ ಇದೆ ನೋಡಿ ಸ್ವಾರಸ್ಯ! 12ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ರಾಜ ಒಂದನೇ ಹೆನ್ರಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಜನರನ್ನು ತಂದು ಆ ಕಡೆ ನೆಲೆ ನಿಲ್ಲಿಸಿದ. ವೆಲ್ಷ್ ಮಾತು ಹಿಂದೆ ಸರಿದು ಇಂಗ್ಲಿಷ್ ಬೇರೂರಿತು. ಬ್ರಿಟನ್ನಿನ ಜನರ ಮೇಲೆ 2015ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲೂ ಉತ್ತರ, ದಕ್ಷಿಣ ಪೆಂಬ್ರೋಕ್‌ಷೈರ್ ಬೇರೆ ಬೇರೆ ಗುಂಪಾಗಿಯೇ ಬಂದವು. ಮಾವನ ವೈ ಆ ದಾರಿಯಲ್ಲಿ ಬಂದಿರಬಹುದು. ಇಂಗ್ಲಿಷರ ಪೂರ್ವಜರಾದ ಸ್ಯಾಕ್ಸನ್ನರ ದಾರಿಯೋ, ಫ್ರಾನ್ಸಿನಿಂದ ಬಂದ ನಾರ್ಮನ್ನರ ದಾರಿಯೋ ಇರಬಹುದು. ಯು106 ಅನ್ನೋದು ಪಿನ್‌ಕೋಡ್‌ನ ಮೊದಲ ಅಂಕಿ ಇದ್ದ ಹಾಗೆ. 5 ಅಂದರೆ ಕರ್ನಾಟಕವೂ ಹೌದು, ಆಂಧ್ರವೂ ಹೌದು. ಊರು ಗೊತ್ತಾಗಬೇಕಾದರೆ ಯು106ರೊಳಗಿನ ಎಲ್48, ಝಡ್18 ತರಹದ ಕೊಂಬೆ ತೋರಿಸುವ ಆಳದ ವೈ ಟೆಸ್ಟ್ ಮಾಡಿಸಬೇಕು. ಜೊತೆಗೆ ಚರ್ಚ್ ದಾಖಲೆಗಳೂ ಬೇಕು.

ಇನ್ನೊಬ್ಬ ಸದಸ್ಯರು: ಹಾಗಾದ್ರೆ ‘ಕೆಲ್ಟಿಕ್ ಜೀನ್’ ಅನ್ನೋದೇ ಇಲ್ವಾ?

ಉತ್ತರ: ಇಲ್ಲ. ಅದೇ ಅಧ್ಯಯನದಲ್ಲಿ ಕೆಲ್ಟರ ನಾಡು ಅನ್ನಿಸಿಕೊಂಡ ಕಾರ್ನ್‌ವಾಲ್, ವೇಲ್ಸ್, ಸ್ಕಾಟ್ಲೆಂಡ್ ಒಂದೇ ಗುಂಪಾಗಿ ಕೂಡಲಿಲ್ಲ. ಎಲ್21 ಅನ್ನೋ ಇನ್ನೊಂದು ವೈ ಗುಂಪಿಗೆ ‘ಕೆಲ್ಟಿಕ್’ ಅಂತಾರೆ. ಐರ್ಲೆಂಡ್ ಪಕ್ಕದ ರಾಥ್ಲಿನ್ ದ್ವೀಪದಲ್ಲಿ ಸಿಕ್ಕ ಸುಮಾರು 4000 ವರ್ಷ ಹಳೆಯ ಮೂಳೆಗಳಲ್ಲಿ ಅದಿತ್ತು. ಅವರು ಯಾವ ಭಾಷೆ ಆಡುತ್ತಿದ್ದರು? ಮೂಳೆ ಹೇಳಲ್ಲ.

ಪ್ರಶ್ನೆ ಕೇಳಿದವರು: ನನ್ನ ಮಗನ ಕಥೆ ಏನು ಸರ್?

ಉತ್ತರ: ವೈ ತಾತನದೇ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ನಿಮ್ಮದು, ಅಂದರೆ ನಿಮ್ಮ ಅಮ್ಮನದು, ಅಜ್ಜಿಯದು. ಅವನ ಮಕ್ಕಳಿಗೆ ಅದು ಹೋಗಲ್ಲ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಮಾವನಿಗೆ ಎಲ್ಲ ಓದಿ ಹೇಳಿದೆ. “ಫ್ಲಾಂಡರ್ಸ್ ಆದರೆ ಪರವಾಗಿಲ್ಲ, ಇಂಗ್ಲಿಷರಲ್ಲ ತಾನೇ” ಅಂದರು. ಸ್ಯಾಕ್ಸನ್ ವಿಷಯ ಮಾತ್ರ ಕಿವಿಗೆ ಬಿದ್ದ ಹಾಗಿಲ್ಲ.